ಪ್ರಿಂಟರ್ ಸೇರಿಸಲು ಹೋದರೆ ‘ಫರ್ಬಿಡನ್’: ಉಬುಂಟುವಿನಲ್ಲಿ ಅನುಮತಿಯ ತೊಡಕು

ಪ್ರಶ್ನೆ – ಮಧುಗಿರಿಯಿಂದ

ನಮಸ್ಕಾರ. ಮಧುಗಿರಿಯಲ್ಲಿ ನಮ್ಮದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಪಹಣಿ, ಅರ್ಜಿ ನಮೂನೆ, ಬಾಡಿಗೆ ಕರಾರು ಇಂಥವುಗಳ ಪ್ರಿಂಟ್ ಕೆಲಸವೇ ಹೆಚ್ಚು. ಕಂಪ್ಯೂಟರಿನಲ್ಲಿ ಉಬುಂಟು 22.04 ಇದ್ದು, ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟರನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿದ್ದೇನೆ. ಅಂಗಡಿಯ ಹುಡುಗನಿಗೆ ಬೇರೆಯೇ ಒಂದು ಸಾಮಾನ್ಯ ಖಾತೆಯನ್ನು ಮಾಡಿಕೊಟ್ಟಿದ್ದು, ಆ ಖಾತೆಯಿಂದ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 631ನೇ ಪೋರ್ಟಿನ ಕಪ್ಸ್ (ಪ್ರಿಂಟ್ ಕೆಲಸಗಳನ್ನು ನಿಭಾಯಿಸುವ ಸೇವೆ) ಪುಟಕ್ಕೆ ಹೋಗಿ ಪ್ರಿಂಟರ್ ಸೇರಿಸಲು ಯತ್ನಿಸಿದರೆ, ಪಾಸ್‌ವರ್ಡ್ ಸರಿಯಾಗಿ ಕೊಟ್ಟ ಮೇಲೂ ‘ಫರ್ಬಿಡನ್’ ಎಂದು ಬರುತ್ತದೆ. ನನ್ನ ಖಾತೆಯಿಂದ ಮೊದಲು ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಇದನ್ನು ಸರಿಪಡಿಸಲು ಬಂದವರೊಬ್ಬರು ಕಪ್ಸ್‌ನ ಫಿಲ್ಟರ್ (ಫೈಲನ್ನು ಪ್ರಿಂಟರಿಗೆ ತಿಳಿಯುವ ರೂಪಕ್ಕೆ ತರುವ ಪ್ರೋಗ್ರಾಮ್) ಫೋಲ್ಡರಿಗೂ ಅದರೊಳಗಿನ ಫೈಲುಗಳಿಗೂ 777 ಅನುಮತಿ ಕೊಟ್ಟು ಹೋದರು. ಅಂದಿನಿಂದ ನನ್ನ ಖಾತೆಯಿಂದ ಕಳಿಸಿದ್ದೂ ಪ್ರಿಂಟ್ ಆಗದೆ ಕ್ಯೂನಲ್ಲೇ ನಿಲ್ಲುತ್ತಿದೆ. ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟ ಮೇಲೂ ಅನುಮತಿಯದೇ ದೋಷ ಬರುವುದು ಹೇಗೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ – ಕೋಲಾರದಿಂದ

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದಕ್ಕೊಂದು ತಳುಕು ಹಾಕಿಕೊಂಡಿವೆ. ಮೊದಲನೆಯದನ್ನಷ್ಟೇ ನಾನು ಹೇಳುತ್ತೇನೆ.

ಪಾಸ್‌ವರ್ಡ್ ತಪ್ಪಿದ್ದರೆ ಕಪ್ಸ್ ಅದನ್ನು ಮತ್ತೊಮ್ಮೆ ಕೇಳುತ್ತದೆ. ‘ಫರ್ಬಿಡನ್’ ಎಂದರೆ ನೀವು ಯಾರೆಂಬುದು ಅದಕ್ಕೆ ಗೊತ್ತಾಗಿದೆ, ಆದರೆ ಈ ಕೆಲಸಕ್ಕೆ ನಿಮಗೆ ಅಧಿಕಾರವಿಲ್ಲ ಎಂದರ್ಥ. ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ಪ್ರಿಂಟರ್ ಸೇರಿಸುವ, ತೆಗೆಯುವ ಅಧಿಕಾರ ‘ಎಲ್‌ಪಿಅಡ್ಮಿನ್’ ಎಂಬ ಗ್ರೂಪಿನಲ್ಲಿ ಇರುವವರಿಗೆ ಮಾತ್ರ. ಉಬುಂಟು ಹಾಕುವಾಗ ಮಾಡಿಕೊಂಡ ಮೊದಲ ಖಾತೆ ತಾನಾಗಿಯೇ ಆ ಗ್ರೂಪಿಗೆ ಸೇರಿರುತ್ತದೆ, ಆಮೇಲೆ ಮಾಡಿದ ಸಾಮಾನ್ಯ ಖಾತೆ ಸೇರಿರುವುದಿಲ್ಲ. ಸೇರಿಸಲೇಬೇಕೆಂದಿದ್ದರೆ ಟರ್ಮಿನಲ್ಲಿನಲ್ಲಿ ‘ಸುಡೋ ಯೂಸರ್‌ಮಾಡ್ -ಎಜಿ ಎಲ್‌ಪಿಅಡ್ಮಿನ್’ ಎಂದು ಬರೆದು ಮುಂದೆ ಹುಡುಗನ ಖಾತೆಯ ಹೆಸರನ್ನು ಕೊಡಿ. ಇದರಲ್ಲಿ ಎ ಸಣ್ಣಕ್ಷರ, ಜಿ ದೊಡ್ಡಕ್ಷರ. ಆ ‘ಎ’ ಬಿಟ್ಟುಹೋದರೆ ಖಾತೆಯು ಈಗಿರುವ ಉಳಿದ ಗ್ರೂಪುಗಳಿಂದ ಹೊರಬೀಳುತ್ತದೆ. ಹಾಗೆ ನಿಮ್ಮದೇ ಖಾತೆಗೆ ಮಾಡಿಬಿಟ್ಟರೆ ಸುಡೋ ಅಧಿಕಾರವೂ (ರೂಟ್ ಆಗಿ ಕಮಾಂಡ್ ಓಡಿಸುವ ಅಧಿಕಾರ; ರೂಟ್ ಎಂದರೆ ಕಂಪ್ಯೂಟರಿನ ಮೇಲೆ ಪೂರ್ಣ ಅಧಿಕಾರವಿರುವ ಖಾತೆ) ಹೋಗುತ್ತದೆ. ಹಲವರು ‘ಎಲ್‌ಪಿ’ ಗ್ರೂಪಿಗೆ ಸೇರಿಸಿ ಎನ್ನುತ್ತಾರೆ. ಅದು ಪ್ರಿಂಟರಿನ ಡಿವೈಸ್ ಫೈಲಿಗೆ ಸಂಬಂಧಿಸಿದ ಗ್ರೂಪ್ ಆದ್ದರಿಂದ ‘ಫರ್ಬಿಡನ್’ ಅದರಿಂದ ಹೋಗುವುದಿಲ್ಲ.

ಆದರೂ ನನ್ನನ್ನು ಕೇಳಿದರೆ, ಹುಡುಗನಿಗೆ ಈ ಅಧಿಕಾರ ಕೊಡುವ ಅಗತ್ಯವೇ ಇಲ್ಲ. ಪ್ರಿಂಟರನ್ನು ನಿಮ್ಮ ಖಾತೆಯಿಂದ ಒಮ್ಮೆ ಸೇರಿಸಿದರೆ ಅದು ಇಡೀ ಕಂಪ್ಯೂಟರಿಗೆ ಸೇರಿದಂತೆ, ಯಾವ ಖಾತೆಯಿಂದ ಬೇಕಾದರೂ ಪ್ರಿಂಟ್ ಕೊಡಬಹುದು.

ಉತ್ತರ – ಚಿಂತಾಮಣಿಯಿಂದ

ಎರಡನೆಯ ತೊಂದರೆಗೆ ಆ 777 ಕಾರಣ. ಕೀಲಿ ತಿರುಗಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟಂತಾಗಿದೆ. ಕಪ್ಸ್ ಸೇವೆ ನಡೆಯುವುದು ರೂಟ್ ಅಧಿಕಾರದಲ್ಲಿ, ಫಿಲ್ಟರುಗಳನ್ನು ಓಡಿಸುವುದೂ ಅದೇ. ಯಾರು ಬೇಕಾದರೂ ತಿದ್ದಬಹುದಾದ ಫಿಲ್ಟರನ್ನು ಅದು ಓಡಿಸಿದರೆ, ಆ ಜಾಗದಲ್ಲಿ ಯಾರಾದರೂ ತಮ್ಮದೇ ಪ್ರೋಗ್ರಾಮನ್ನು ಇಟ್ಟು ಓಡಿಸಿಕೊಳ್ಳಬಹುದು. ಆದ್ದರಿಂದ ಅನುಮತಿ ಸಡಿಲವಾಗಿರುವ ಫೈಲನ್ನು ಕಪ್ಸ್ ಬೇಕೆಂದೇ ನಿರಾಕರಿಸುತ್ತದೆ, ಮತ್ತು ಆ ಫೈಲು ಇರುವ ಫೋಲ್ಡರನ್ನೂ ಪರೀಕ್ಷಿಸುತ್ತದೆ.

ವಾರ್ ಫೋಲ್ಡರಿನೊಳಗೆ ಲಾಗ್, ಅದರೊಳಗೆ ಕಪ್ಸ್, ಅಲ್ಲಿ ‘ಎರರ್_ಲಾಗ್’ ಎಂಬ ಫೈಲಿದೆ. ಒಂದು ಪುಟ ಪ್ರಿಂಟಿಗೆ ಕೊಟ್ಟು, ಆ ಫೈಲಿನ ಕೊನೆಯ ಸಾಲುಗಳನ್ನು ಸುಡೋ ಮೂಲಕ ಓದಿ ಇಲ್ಲಿ ತಿಳಿಸಿ. ಅದನ್ನು ನೋಡದೆ ಅನುಮತಿಗಳ ಮೇಲೆ ಮತ್ತೆ ಕೈಯಾಡಿಸಬೇಡಿ.

ಪ್ರಶ್ನೆ ಕೇಳಿದವರಿಂದ

ನೋಡಿದೆ. ಫಿಲ್ಟರಿನ ಹೆಸರಿನ ಮುಂದೆ ‘ಹ್ಯಾಸ್ ಇನ್‌ಸೆಕ್ಯೂರ್ ಪರ್ಮಿಷನ್ಸ್ (0100777/ಯುಐಡಿ=0/ಜಿಐಡಿ=0)’ ಎಂದಿದೆ. ಬ್ಯಾಕೆಂಡ್ (ಪ್ರಿಂಟರಿಗೆ ಡೇಟಾ ತಲುಪಿಸುವ ಪ್ರೋಗ್ರಾಮ್) ಫೋಲ್ಡರಿಗೂ 777 ಕೊಟ್ಟಿರುವುದು ಈಗ ಗಮನಕ್ಕೆ ಬಂತು.

ಉತ್ತರ – ಚಿಂತಾಮಣಿಯಿಂದ

ಆ ಸಾಲಿನಲ್ಲೇ ಎಲ್ಲವೂ ಇದೆ: ಫೈಲಿನ ಅನುಮತಿ ಸುರಕ್ಷಿತವಲ್ಲ ಎಂದರ್ಥ. ಮೊದಲಿನ 0100 ಎಂಬುದು ಅದು ಸಾಮಾನ್ಯ ಫೈಲು ಎಂಬುದರ ಗುರುತು, ನಂತರದ 777 ಅದರ ಅನುಮತಿ. ಯುಐಡಿ (ಒಡೆಯನ ಸಂಖ್ಯೆ), ಜಿಐಡಿ (ಗ್ರೂಪಿನ ಸಂಖ್ಯೆ) ಎರಡೂ ಸೊನ್ನೆ ಇರುವುದರಿಂದ ಫೈಲಿನ ಒಡೆಯ ರೂಟ್ ಆಗಿಯೇ ಉಳಿದಿದ್ದಾನೆ, ಅಷ್ಟರಮಟ್ಟಿಗೆ ಒಳ್ಳೆಯದಾಯಿತು. ಫಿಲ್ಟರ್ ಫೋಲ್ಡರನ್ನೂ ಅದರೊಳಗಿನ ಫೈಲುಗಳನ್ನೂ 755ಕ್ಕೆ (ತಿದ್ದುವ ಅನುಮತಿ ಒಡೆಯನಿಗೆ ಮಾತ್ರ) ತನ್ನಿ.

ಬ್ಯಾಕೆಂಡ್ ಫೋಲ್ಡರಿನಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಫೋಲ್ಡರಿಗೆ 755 ಸರಿ, ಆದರೆ ಒಳಗಿನ ಎಲ್ಲ ಫೈಲುಗಳಿಗೂ ಒಂದೇ ಸಂಖ್ಯೆಯನ್ನು ಕೊಡಬಾರದು. ಇತರರಿಗೆ ಓದುವ ಮತ್ತು ಓಡಿಸುವ ಅನುಮತಿಯಿಲ್ಲದ ಬ್ಯಾಕೆಂಡನ್ನು ಕಪ್ಸ್ ರೂಟ್ ಆಗಿ ಓಡಿಸುತ್ತದೆ. ಆ ಅನುಮತಿ ಇದ್ದರೆ ‘ಎಲ್‌ಪಿ’ ಎಂಬ ಸಾಮಾನ್ಯ ಬಳಕೆದಾರನಾಗಿ ಓಡಿಸುತ್ತದೆ. ಅಂದರೆ ಇಲ್ಲಿ ಅನುಮತಿಯ ಸಂಖ್ಯೆಯೇ ಒಂದು ಸೆಟ್ಟಿಂಗ್ ಇದ್ದಂತೆ. ಹಾಗಾಗಿ ಊಹಿಸಿ ಬರೆಯುವ ಬದಲು ಕಪ್ಸ್ ಮತ್ತು ಕಪ್ಸ್-ಫಿಲ್ಟರ್ಸ್ ಪ್ಯಾಕೇಜುಗಳನ್ನು ಏಪ್ಟ್ (ಪ್ಯಾಕೇಜ್ ಹಾಕುವ ಕಮಾಂಡ್) ನ ‘ರೀಇನ್‌ಸ್ಟಾಲ್’ ಆಯ್ಕೆಯಿಂದ ಮತ್ತೆ ಹಾಕಿ, ಕಪ್ಸ್ ಸೇವೆಯನ್ನು ರೀಸ್ಟಾರ್ಟ್ ಮಾಡಿ, ಲಾಗನ್ನು ಇನ್ನೊಮ್ಮೆ ನೋಡಿ.

ಅನುಮತಿಯ ಸಾಲು ಲಾಗಿನಿಂದ ಹೋದ ಮೇಲೂ 1020 ಸುಮ್ಮನಿದ್ದರೆ ಆಗ ಕಾರಣ ಬೇರೆ. ಆ ಮಾಡೆಲ್ ತನ್ನ ಫರ್ಮ್‌ವೇರನ್ನು (ಪ್ರಿಂಟರನ್ನು ಒಳಗಿನಿಂದ ನಡೆಸುವ ಪ್ರೋಗ್ರಾಮ್) ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ, ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರೇ ಅದನ್ನು ಕಳಿಸಬೇಕು. ಅದಕ್ಕೆ ಎಚ್‌ಪಿಲಿಪ್ (ಲಿನಕ್ಸ್‌ಗಾಗಿ ಎಚ್‌ಪಿಯ ಪ್ರಿಂಟರ್ ತಂತ್ರಾಂಶ) ಜೊತೆಗೆ ಅದರ ಪ್ಲಗಿನ್ ಕೂಡ ಬೇಕು, ಎರಡರ ಆವೃತ್ತಿಯೂ ಒಂದೇ ಆಗಿರಬೇಕು. ‘ಎಚ್‌ಪಿ-ಪ್ಲಗಿನ್’ ಕಮಾಂಡ್ ಕೊಟ್ಟರೆ ಅದು ಇಳಿಯುತ್ತದೆ.

ಉತ್ತರ – ಕೋಲಾರದಿಂದ

ಒಂದು ಮಾತು ಬಿಟ್ಟುಹೋಗಿತ್ತು. ಹುಡುಗನ ಖಾತೆಯಿಂದ ಪ್ರಿಂಟ್ ಕೊಡಬಹುದು, ಅವನದೇ ಜಾಬನ್ನು ರದ್ದು ಮಾಡಬಹುದು. ಆದರೆ ಪೇಪರ್ ಸಿಕ್ಕಿಕೊಂಡು ಕ್ಯೂ ನಿಂತರೆ ಅದನ್ನು ಮತ್ತೆ ಚಾಲೂ ಮಾಡಲು ಅಧಿಕಾರ ಬೇಕಾಗುತ್ತದೆ. ಕಪ್ಸ್ ಪುಟದಲ್ಲಿ ಆ ಪ್ರಿಂಟರಿನ ‘ಎರರ್ ಪಾಲಿಸಿ’ ಸ್ಟಾಪ್-ಪ್ರಿಂಟರ್ ಎಂದಿದ್ದರೆ ಅದನ್ನು ರಿಟ್ರೈ-ಕರೆಂಟ್-ಜಾಬ್ ಎಂದು ಬದಲಿಸಿ. ಆಗ ನೀವು ಅಂಗಡಿಯಲ್ಲಿ ಇಲ್ಲದಿದ್ದರೂ, ಅವನು ಪೇಪರ್ ತೆಗೆದ ಮೇಲೆ ಅದೇ ಜಾಬ್ ಮತ್ತೆ ತಾನಾಗಿ ಪ್ರಯತ್ನಿಸುತ್ತದೆ.