ಸಹಾಯ ಬೇಕು: ಕತ್ತರಿಸಿ ಅಂಟಿಸಿದ ಕಾದಂಬರಿ ಯಾರ ಹತ್ತಿರ ಇದೆ?

ಗ್ರಹಾಂ ರಾಲ್ ಅವರ ‘ವುಮನ್ಸ್ ವರ್ಲ್ಡ್’ (2005) ಯಾರ ಹತ್ತಿರವಾದರೂ ಇದೆಯಾ? 1960ರ ದಶಕದ ಬ್ರಿಟಿಷ್ ಮಹಿಳಾ ಪತ್ರಿಕೆಗಳಿಂದ ಸುಮಾರು 40,000 ತುಣುಕು ಕತ್ತರಿಸಿ, ಅಂಟಿಸಿ ಮಾಡಿದ ಇಡೀ ಕಾದಂಬರಿ ಅದು. ಮೊದಲು ಕಥೆ ಬರೆದುಕೊಂಡು, ಆಮೇಲೆ ತಮ್ಮ ಮಾತಿನ ಜಾಗಕ್ಕೆ ಪತ್ರಿಕೆಯ ಸಾಲುಗಳನ್ನು ತಂದು ಕೂರಿಸಿದ್ದಾರೆ. ಹಾಗಾಗಿ ಜಾಹೀರಾತಿನ ಧಾಟಿಯೆಲ್ಲ ಕಥೆಯ ನಿರೂಪಣೆಗೇ ಬಂದುಬಿಟ್ಟಿದೆ. ಮಜಾ ಅಲ್ವಾ!

ಫೋಟೊ ಕಳಿಸಿದರೆ ಸಾಲದು, ಪುಸ್ತಕವೇ ಬೇಕು. ಅಕ್ಷರದ ಗಾತ್ರ, ಅಂಟಿಸಿದ ಅಂಚು ಕಣ್ಣಾರೆ ನೋಡಬೇಕು. ಬೆಂಗಳೂರಿನಲ್ಲಾದರೆ ನಾನೇ ಬಂದು ಒಯ್ಯುತ್ತೇನೆ, ಜೋಪಾನವಾಗಿ ಹಿಂದಿರುಗಿಸುತ್ತೇನೆ.

ಇನ್ನೊಂದು ಪ್ರಶ್ನೆ. ಹಳೆಯ ‘ಸುಧಾ’, ‘ಪ್ರಜಾಮತ’ದಿಂದ ಸಣ್ಣ ಕಥೆಯೊಂದನ್ನು ಹೀಗೇ ಮಾಡುವ ಆಸೆ. ಕಾಗದ ಹಳದಿಯಾಗಿ, ಮಡಚಿದರೆ ಮುರಿಯುತ್ತಿದೆ. ಮೂಲಕ್ಕೆ ಕತ್ತರಿ ಹಾಕಲು ಮನಸ್ಸು ಬರುತ್ತಿಲ್ಲ. ಜೆರಾಕ್ಸ್ ಸಾಕಾ, ಸ್ಕ್ಯಾನ್ ಮಾಡಿಸಬೇಕಾ? ಅಂಟು ಯಾವುದು ಒಳ್ಳೆಯದು? ಮಾಡಿ ನೋಡಿದವರು ಹೇಳಿ, ಪ್ಲೀಸ್.