ಸಹಾಯ ಬೇಕು: ಬಿಎಂಎಸ್ (ಬ್ಯಾಟರಿ ನಿರ್ವಹಣಾ ವ್ಯವಸ್ಥೆ) ಬೋರ್ಡಿನಲ್ಲಿ ಮೊದಲ ಸೆಲ್ಲಿನ ವೋಲ್ಟೇಜ್ ತಪ್ಪಾಗಿ ಬರುತ್ತಿದೆ

ಪುಣೆಯ ಕನ್ನಡಿಗ ಮಿತ್ರರಿಗೆ ನಮಸ್ಕಾರ. ಭೋಸರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಮತ್ತು ನನ್ನ ಇಬ್ಬರು ಸಹೋದ್ಯೋಗಿಗಳು ಸರಕು ಸಾಗಿಸುವ ಎಲೆಕ್ಟ್ರಿಕ್ ತ್ರಿಚಕ್ರ ವಾಹನಕ್ಕಾಗಿ, 16 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ 51.2 ವೋಲ್ಟ್ ಬ್ಯಾಟರಿಗೆ ಬಿಎಂಎಸ್ ಬೋರ್ಡ್ ತಯಾರಿಸುತ್ತಿದ್ದೇವೆ.

ಲೋಡ್ ಇಲ್ಲದಿದ್ದಾಗ ಎಲ್ಲ ಸೆಲ್‌ಗಳ ಅಳತೆಯೂ ಮಲ್ಟಿಮೀಟರಿನೊಂದಿಗೆ ತಾಳೆಯಾಗುತ್ತದೆ. ಆದರೆ 40 ಆಂಪಿಯರ್ ಎಳೆದ ಕೂಡಲೇ ಮೊದಲ ಸೆಲ್ ಮಾತ್ರ ನಿಜಕ್ಕಿಂತ 40 ಮಿಲಿವೋಲ್ಟ್ ಕಡಿಮೆ ತೋರಿಸುತ್ತದೆ. 20 ಆಂಪಿಯರಿನಲ್ಲಿ ಚಾರ್ಜ್ ಮಾಡಿದಾಗ ಅದೇ ಸೆಲ್ 20 ಮಿಲಿವೋಲ್ಟ್ ಹೆಚ್ಚು ತೋರಿಸುತ್ತದೆ. ಲೆಕ್ಕ ಹಾಕಿದರೆ ದಾರಿಯಲ್ಲಿ ಎಲ್ಲೋ 1 ಮಿಲಿಓಮ್ ರೋಧ ಅಡಗಿದೆ, ಅದು ಋಣ ತುದಿಯ ದಪ್ಪ ಕೇಬಲ್ಲಿನದೇ ಎಂಬುದು ನನ್ನ ಅನುಮಾನ. ಎಲ್‌ಎಫ್‌ಪಿಯ ವೋಲ್ಟೇಜ್ ರೇಖೆ ನಡುಭಾಗದಲ್ಲಿ ಬಹುತೇಕ ಸಮತಟ್ಟಾಗಿರುವುದರಿಂದ, ಇಷ್ಟು ಸಣ್ಣ ತಪ್ಪೂ ಸೆಲ್‌ಗಳ ಚಾರ್ಜ್ ಸಮಗೊಳಿಸುವ ಬ್ಯಾಲೆನ್ಸಿಂಗ್ ಅನ್ನು ದಾರಿ ತಪ್ಪಿಸುತ್ತದೆ; ಇದನ್ನು ಹೀಗೆಯೇ ಬಿಟ್ಟು ಗಾಡಿಗೆ ಹಾಕಲು ನನಗೆ ಮನಸ್ಸಿಲ್ಲ.

ಅಳತೆಯ ತಂತಿಯನ್ನು ಮೊದಲ ಸೆಲ್ಲಿನ ಋಣ ಟರ್ಮಿನಲ್ಲಿಗೇ ನೇರವಾಗಿ ಜೋಡಿಸಿ ನೋಡಿದೆವು, ಫಲ ಸಿಗಲಿಲ್ಲ. ಭೂತಗನ್ನಡಿಯಲ್ಲಿ ಬೋರ್ಡ್ ಪರೀಕ್ಷಿಸಿದಾಗ, ಆ ತಂತಿ ಬಂದು ಸೇರುವ ಪ್ಯಾಡ್ ದಪ್ಪ ಕೇಬಲ್ಲಿನ ತಾಮ್ರದ ಪದರಕ್ಕೇ ಕೂಡಿಕೊಂಡಿರುವುದು ಕಾಣಿಸಿತು. ಆ ಟ್ರ್ಯಾಕ್ ಕತ್ತರಿಸಿ, ತಂತಿಯನ್ನು ಫಿಲ್ಟರ್ ರೆಸಿಸ್ಟರ್ ಮೂಲಕ ವೋಲ್ಟೇಜ್ ಅಳೆಯುವ ಚಿಪ್ಪಿನ ಕೆಳತುದಿಯ ಪಿನ್ನಿಗೆ ಮಾತ್ರ ಕೊಟ್ಟು, ಚಿಪ್ಪಿನ ಗ್ರೌಂಡನ್ನು ಕರೆಂಟ್ ಅಳೆಯುವ ಶಂಟಿನ ಬ್ಯಾಟರಿ ಬದಿಯಲ್ಲೇ ಉಳಿಸಿದರೆ ಸರಿಯಾದೀತೇ? ಹಾಗೆ ಮಾಡಿದಾಗ ಆ ಎರಡು ಬಿಂದುಗಳ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ಚಿಪ್ಪಿಗೆ ಅಪಾಯವಿದೆಯೇ?

ಅನುಭವವಿದ್ದವರು ದಯವಿಟ್ಟು ತಿಳಿಸಿ. ಪಿಂಪ್ರಿ–ಚಿಂಚವಾಡದ ಆಸುಪಾಸಿನಲ್ಲಿ ಯಾರ ಬಳಿಯಾದರೂ ನಾಲ್ಕು ತಂತಿಯ ಮಿಲಿಓಮ್ ಮೀಟರ್ ಇದ್ದರೆ, ಒಂದು ಗಂಟೆಯ ಮಟ್ಟಿಗೆ ಬೋರ್ಡ್ ಹಿಡಿದುಕೊಂಡು ನಾನೇ ಬರುತ್ತೇನೆ.