ಪದಚರ್ಚೆ: ಹಲ್ಲಿನ ಮೇಲೆ ಕಟ್ಟುವುದು ಕಿಟ್ಟವೋ, ಗಾರೆಯೋ, ದಂತಶರ್ಕರೆಯೋ?

ಮಾನ್ಯರೆ,

ಸಕ್ಕರೆ ಕಾಯಿಲೆಯವರಿಗಾಗಿ ನಡೆಯಲಿರುವ ತಪಾಸಣಾ ಶಿಬಿರವೊಂದಕ್ಕೆ ಕರಪತ್ರ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಸಡಿನ ಕಾಯಿಲೆಗೂ ಉಳಿದ ದೇಹದ ಆರೋಗ್ಯಕ್ಕೂ ಇರುವ ಸಂಬಂಧವೇ ಅದರ ವಿಷಯ. ಹೇಳಬೇಕಾದುದನ್ನು ವೈದ್ಯರು ವಿವರಿಸಿದ್ದಾರೆ, ತೊಡಕಿರುವುದು ಪದಗಳಲ್ಲಿ.

ಮೊದಲ ತೊಡಕು ತಲೆಬರಹದ್ದು. ಜಾಲತಾಣಗಳಲ್ಲಿ ಈಚೆಗೆ ‘ಮೌಖಿಕ ಆರೋಗ್ಯ’ ಎಂಬ ಪ್ರಯೋಗ ಕಾಣಿಸುತ್ತಿದೆ. ಮುಖ ಎಂದರೆ ಬಾಯಿ ಎಂಬ ಸಂಸ್ಕೃತದ ಅರ್ಥವನ್ನು ಹಿಡಿದರೆ ಅದು ತಪ್ಪಲ್ಲ. ಆದರೆ ಮೌಖಿಕ ಪರೀಕ್ಷೆ, ಮೌಖಿಕ ಪರಂಪರೆ, ಮೌಖಿಕ ಆದೇಶ ಎನ್ನುವ ಕನ್ನಡದಲ್ಲಿ ಆ ಪದ ಬರಹಕ್ಕೆ ಎದುರಾದ ಬಾಯಿಮಾತಿಗೇ ನೆಲೆಗೊಂಡಿದೆ. ‘ಬಾಯಿಯ ಆರೋಗ್ಯ’ ಎಂದರೆ ಸಾಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನಿಜವಾಗಿ ಕೇಳಬೇಕಾಗಿರುವುದು ದಂತವೈದ್ಯರು ಪ್ಲೇಕ್ ಮತ್ತು ಟಾರ್ಟರ್ ಎನ್ನುವ ಎರಡು ವಸ್ತುಗಳ ಬಗ್ಗೆ. ಪ್ಲೇಕ್ ಎಂದರೆ ಬ್ಯಾಕ್ಟೀರಿಯಾಗಳು ಒತ್ತಾಗಿ ಬೆಳೆದು ಹಲ್ಲಿಗೆ ಅಂಟಿಕೊಂಡಿರುವ ಮೆತ್ತನೆಯ ಪದರ. ಅದನ್ನು ಉಜ್ಜಿ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾಗತೊಡಗಿ, ಬ್ರಷ್ಷಿಗೆ ಬಗ್ಗದ ಟಾರ್ಟರ್ ಆಗುತ್ತದೆ. ಮೊದಲನೆಯದಕ್ಕೆ ‘ಪಾಚಿ’ ನನಗೆ ಒಪ್ಪಿಗೆಯಾಗಿದೆ. ಪಾಚಿ ಜೀವವಿರುವಂಥದು, ಅಂಟಿಕೊಂಡು ಬೆಳೆಯುವಂಥದು, ಉಜ್ಜಿದರೆ ಹೋಗಿ ಮತ್ತೆ ಕಟ್ಟುವಂಥದು. ಆದರೆ ಜನರು ಹಲ್ಲು ಪಾಚಿಗಟ್ಟಿದೆ ಎನ್ನುವುದು ಹಳದಿ ಬಣ್ಣ ಕಂಡಾಗ. ಪ್ಲೇಕಾದರೋ ಮೊದಲಿಗೆ ಕಣ್ಣಿಗೇ ಕಾಣದು.

ಎರಡನೆಯದಕ್ಕೆ ನನ್ನ ಮುಂದೆ ಮೂರು ಪದಗಳಿವೆ. ಸುಶ್ರುತಸಂಹಿತೆ 65 ಬಾಯಿಯ ರೋಗಗಳನ್ನು ಎಣಿಸಿ, ಅವುಗಳಲ್ಲಿ ಹಲ್ಲಿನ ಕೊಳೆ ಗಟ್ಟಿಯಾಗುವುದನ್ನು ‘ದಂತಶರ್ಕರಾ’ ಎನ್ನುತ್ತದೆ. ಶರ್ಕರಾ ಎಂದರೆ ಮೂಲದಲ್ಲಿ ನೊರಜುಗಲ್ಲು, ಹರಳು. ಹರಳಾದ ಸಿಹಿಗೂ ಅದೇ ಹೆಸರು ಸಂದು, ನಮ್ಮ ‘ಸಕ್ಕರೆ’ ಅಲ್ಲಿಂದಲೇ ಬಂದಿದೆ. ಪದದ ಚರಿತ್ರೆ ಬಹಳ ಸೊಗಸಾಗಿದ್ದರೂ ಈ ಕರಪತ್ರದಲ್ಲಿ ಅದನ್ನು ಬಳಸಲು ನನಗೆ ಧೈರ್ಯವಿಲ್ಲ. ಸಕ್ಕರೆ ಕಾಯಿಲೆಯ ಮಾತಿನ ಪಕ್ಕದಲ್ಲಿಯೇ ‘ದಂತಶರ್ಕರೆ’ ಎಂದು ಬರೆದರೆ, ರಕ್ತದ ಸಕ್ಕರೆ ಹಲ್ಲಿನ ಮೇಲೆ ಹೆಪ್ಪುಗಟ್ಟುತ್ತದೆ ಎಂದೇ ಓದುಗರು ತಿಳಿಯುತ್ತಾರೆ.

‘ಗಾರೆ’ ಎನ್ನಬಹುದೆಂದು ಸ್ನೇಹಿತರೊಬ್ಬರು ಸೂಚಿಸಿದರು. ಸುಣ್ಣದ ಅಂಶವಿರುವುದರಿಂದ ಹೋಲಿಕೆ ಸರಿಯಾಗಿಯೇ ಇದೆ. ಆದರೆ ಗಾರೆಯ ಕೆಲಸ ಇಟ್ಟಿಗೆಗಳನ್ನು ಹಿಡಿದು ನಿಲ್ಲಿಸುವುದು. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಟಾರ್ಟರ್ ಎದ್ದುಹೋದಾಗ, ಕಾಯಿಲೆಯಿಂದ ಮೊದಲೇ ಒಸಡು ಇಳಿದು, ಮೂಳೆ ಕರಗಿ ಆಗಿದ್ದ ಸಂದು ಬಯಲಾಗುವುದೇ ಇದಕ್ಕೆ ಒಂದು ಕಾರಣ. ಗಾರೆ ಎಂಬ ಹೆಸರು ಆ ಭಯಕ್ಕೆ ಇನ್ನಷ್ಟು ಇಂಬು ಕೊಟ್ಟು, ಚಿಕಿತ್ಸೆ ಬೇಕಾದವರನ್ನೇ ಹಿಂಜರಿಯುವಂತೆ ಮಾಡೀತು. ಆದ್ದರಿಂದ ನನ್ನ ಒಲವು ‘ಕಿಟ್ಟ’ದ ಕಡೆಗೆ. ಕಬ್ಬಿಣದ ಕಿಟ್ಟ, ದೀಪದ ಕಿಟ್ಟ ಎನ್ನುವಾಗ ಅದು ಗಟ್ಟಿಯಾಗಿ ಕೂತ ಕಲ್ಮಷ, ತೆಗೆದುಹಾಕಬೇಕಾದದ್ದು ಎಂಬುದು ಪದದಲ್ಲಿಯೇ ಅಡಗಿದೆ.

ಇನ್ನೊಂದು ಮಾತು ‘ನಂಟು’ ಎಂಬುದರ ಬಗ್ಗೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಸೋಂಕನ್ನು ಎದುರಿಸುವ ಶಕ್ತಿ ಕುಗ್ಗಿ ಒಸಡು ಕೆಡುತ್ತದೆ. ಒಸಡಿನ ದೀರ್ಘಕಾಲದ ಉರಿಯೂತದಿಂದ ಇನ್ಸುಲಿನ್‌ನ ಪರಿಣಾಮ ತಗ್ಗಿ ಸಕ್ಕರೆಯ ಹತೋಟಿ ಕಷ್ಟವಾಗುತ್ತದೆ. ಒಸಡಿಗೆ ಚಿಕಿತ್ಸೆಯಾದವರಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ಸ್ವಲ್ಪ ಇಳಿಯುವುದೂ ಕಂಡುಬಂದಿದೆ. ಎರಡೂ ಕಡೆಯಿಂದ ನಡೆಯುವ ಇಂಥ ಕೊಡುಕೊಳೆಗೆ ‘ನಂಟು’ ಚೆನ್ನಾಗಿ ಒಪ್ಪುತ್ತದೆ. ಹೃದ್ರೋಗದ ವಿಷಯ ಹಾಗಲ್ಲ. ಒಸಡಿನ ಕಾಯಿಲೆಯೂ ಹೃದ್ರೋಗವೂ ಒಟ್ಟಿಗೆ ಕಾಣುವುದುಂಟಾದರೂ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗಿಲ್ಲ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಸ್ಪಷ್ಟವಾಗಿ ಹೇಳಿತ್ತು. ಎರಡಕ್ಕೂ ‘ನಂಟು’ ಎಂದೇ ಬರೆದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಹೃದ್ರೋಗದ ಸಾಲಿನಲ್ಲಿ ‘ಜೊತೆಯಾಗಿ ಕಾಣಿಸಿಕೊಳ್ಳುತ್ತವೆ’ ಎಂದು ಬಿಡಿಸಿ ಬರೆದಿದ್ದೇನೆ.

ನಿಮ್ಮ ಕಡೆಯ ಆಡುಮಾತಿನಲ್ಲಿ ಹಲ್ಲಿನ ಮೇಲೆ ಗಟ್ಟಿಯಾಗಿ ಕೂತಿದ್ದಕ್ಕೆ ಬೇರೆ ಹೆಸರಿದೆಯೇ? ‘ಕಿಟ್ಟ’ ಎಂದರೆ ನಿಮ್ಮ ಮನೆಯ ಹಿರಿಯರಿಗೆ ವಿವರಣೆಯಿಲ್ಲದೆ ತಿಳಿಯುತ್ತದೆಯೇ? ಅವರನ್ನೇ ಕೇಳಿ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.